ಅಜ್ಜೀಡೆ ಮುರಿ

ಥೂ, ಆ ವಾಸನೆ ಇನ್ನೂ ಮೂಗು ಬಿಟ್ಟು ಹೋಗಿಲ್ಲ. ತಿರುವನಂತಪುರದ ಉಳ್ಳೂರಿನಲ್ಲಿ ನಾವು ಕೊಂಡ ಮನೆ ಇಳಿಜಾರಿನ ಮೇಲಿದೆ. ರಸ್ತೆ ಕಡೆಯಿಂದ ನೋಡಿದರೆ ಒಂದೇ ಅಂತಸ್ತು. ಹಿಂದುಗಡೆ ಮೆಟ್ಟಿಲಿಳಿದರೆ ಮನೆಯಡಿಗೊಂದು ನೆಲಮಾಳಿಗೆ. ಅದರ ಗೋಡೆ ಸದಾ ಬೆವರುತ್ತದೆ, ಮೂಲೆಯಲ್ಲಿ ಯಾವುದಾದರೂ ಹೆಗ್ಗಣ ಸತ್ತು ನಾರುತ್ತಿರುತ್ತದೆ.

ಮಂಡಿನೋವಿನ ನನ್ನಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದಳು. ಮಲಗುತ್ತಿದ್ದದ್ದು ಹಾಲ್‌ನ ದಿವಾನ್ ಮಂಚದ ಮೇಲೆ. ಯಾರೇ ಬಂದರೂ ಸೆರಗು ಸರಿಮಾಡಿಕೊಂಡು ಎದ್ದು ಕೂರಬೇಕು. ಅವಳಿಗೊಂದು ಕೋಣೆ ಬೇಕೇ ಬೇಕಿತ್ತು.

ಐಟಿ ಪಾರ್ಕಿನಲ್ಲಿ ದುಡಿಯುವ ನನ್ನ ಗಂಡ ವಿಡಿಯೊ ನೋಡಿ ನೋಡಿ ತಾವೇ ಮೇಸ್ತ್ರಿ ಆಗಿಬಿಟ್ಟಿದ್ದರು. "ತಾ ಮಾಡೋದು ಉತ್ತಮ, ಆಳು ಮಾಡೋದು ಹಾಳು" ಅಂತ ಗಾದೆ ಬೇರೆ. ಒಂದು ಭಾನುವಾರ ಸೀಮೆಸುಣ್ಣ ಹಿಡಿದು ಜಗುಲಿಯ ನೆಲದ ಮೇಲೆಯೇ ಪ್ಲ್ಯಾನು ಹಾಕಿದರು. ಜಗುಲಿಗೆ ಸೇರಿಸಿ ಕಟ್ಟುವ ಹೊಸ ಕೋಣೆ, ಗಾಳಿ ಬೆಳಕು ಬರುವಂಥದ್ದು, ಅವರಿಗೆ. ಅಲ್ಲಿ ದಪ್ಪಕ್ಷರದಲ್ಲಿ 'ಆಫೀಸ್' ಅಂತ ಬರೆದರು. ನೆಲಮಾಳಿಗೆಗೆ ಬಣ್ಣ ಬಳಿದು ಟೈಲ್ಸ್ ಹಾಕಿ ಅಮ್ಮನಿಗಂತೆ!

"ತಣ್ಣಗಿರುತ್ತೆ ಕಣೇ," ಅಂದರು.

ಹೆಣಾನೂ ತಣ್ಣಗೇ ಇರುತ್ತೆ ಅನ್ನೋ ಮಾತು ನಾಲಗೆ ತುದಿಗೆ ಬಂದಿತ್ತು. ಛೀ, ನನಗೆ ಆ ಗೋಡೆಗಿಂತ ಈ ಮನುಷ್ಯನ ಮೇಲೇ ಹೇಸಿಗೆ ಹುಟ್ಟಿತು.

ಅಷ್ಟರಲ್ಲಿ, ಪ್ಲ್ಯಾನು ಕೇಳಿ ಕೆಳಗೆ ನೋಡಲು ಹೋಗಿದ್ದ ಮಗಳು ಓಡಿಬಂದಳು. ಇಲ್ಲೇ ಬೆಳೆದವಳು; ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಜ್ಜೀಡೆ ಮುರಿ! ಅಜ್ಜೀಡೆ ಮುರಿ!" ಅಂತ ಕುಣಿದಳು.

"ಅಯ್ಯೋ, ಅಜ್ಜೀದು ಏನೇ ಮುರೀಬೇಕು? ಕಾಲಾ?" ಅಂದಳು ಅಮ್ಮ.

ಎಲ್ಲರೂ ನಕ್ಕೆವು. "ಇಲ್ಲಿ ಮುರಿ ಅಂದ್ರೆ ಕೋಣೆ ಅತ್ತೆ," ಅಂತ ಗಂಡ ಬಿಡಿಸಿ ಹೇಳಿದರು. ಹಾಗಾದರೆ ನೋಡೇಬಿಡೋಣ ಅಂತ ಅಮ್ಮ ಎದ್ದಳು. ಗೋಡೆ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನರಳುತ್ತಾ ಇಳಿದಳು. ಬಾಗಿಲು ತೆರೆದದ್ದೇ ಸೆರಗು ಮೂಗಿಗೆ ಹೋಯಿತು. ಕಾಲಡಿ ಕೊಳಕು ನೀರು ಪಚಪಚ ಅಂತಿತ್ತು. ಹಾಗೇ ತಿರುಗಿ ಮೆಟ್ಟಿಲು ಹತ್ತಿದಳು.

ಮೇಲೆ ಬಂದ ಮೇಲೆ ನಾನು ಅವಳ ಕಾಲು ತೊಳೆಯುತ್ತಿದ್ದೆ. "ಮುರಿ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವೇನೇ? ಮಗು ದಿನಾ ಹೇಳುತ್ತಲ್ಲ," ಅಂದಳು ಮೆಲ್ಲಗೆ. "ಅಳು ಬಂತು. ಅದಕ್ಕೇ ತಮಾಷೆ ಮಾಡಿದೆ."

ನಾನು ನೆಟ್ಟಗೆ ಜಗುಲಿಗೆ ಹೋಗಿ, ಒದ್ದೆ ಕಾಲಲ್ಲೇ 'ಆಫೀಸ್' ಅನ್ನೋದನ್ನ ಉಜ್ಜಿಹಾಕಿದೆ. ಗಂಡ ಬಾಯಿ ಬಿಟ್ಟುಕೊಂಡು ನೋಡಿದರು.

"ಇದು ಅಮ್ಮನ ಕೋಣೆ. ನಿಮ್ಮ ಆಫೀಸು ಕೆಳಗಿರಲಿ ರೀ," ಅಂದೆ. "ತಣ್ಣಗಿರುತ್ತೆ."