ಮಾವನ ಕತ್ತಿ ಯಾವ ಸೀಮೆಯದು

ಹಳೆಯ ಕತ್ತಿ ಕಂಡರೆ ಅದರ ಸೀಮೆ ಹೇಳುವ ಹುಚ್ಚು ನನಗೆ. ಹಿಡಿಯ ತುದಿಯಲ್ಲಿ ಗಿಣಿಯ ತಲೆಯಿದ್ದರೆ ಕೊಡಗಿನ ಪೀಚೆಕತ್ತಿ. ಅಲಗು ಬಾಗಿ, ಬುಡದಲ್ಲೊಂದು ಕಚ್ಚಿದ್ದರೆ ನೇಪಾಳದ ಕುಕ್ರಿ. ಇಷ್ಟು ಕಲಿತದ್ದಕ್ಕೇ ಊರಲ್ಲಿ ನಾನು ಪಂಡಿತೆ. ಆದರೆ ನಮ್ಮ ದೇವರ ಗೂಡಿನ ಕತ್ತಿಯ ಬಗ್ಗೆ ಮಾತ್ರ ಬಾಯಿ ಬಿಟ್ಟವಳಲ್ಲ. ಕೊಡಗಿನ ರಾಜ ಮುತ್ತಜ್ಜನಿಗೆ ಮೆಚ್ಚಿ ಕೊಟ್ಟದ್ದು ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಹಿಡಿ ನಮ್ಮೂರ ಆಚಾರಿ ಹಾಕಿದ ಹೊಸದು. ವರ್ಷವರ್ಷದ ವಿಭೂತಿ, ಕುಂಕುಮ, ಎಣ್ಣೆ ಸೇರಿ ಅಲಗೇ ಕಾಣದಷ್ಟು ಜಿಡ್ಡು ಕಟ್ಟಿತ್ತು.

ಹೋದ ವರ್ಷ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ಅತ್ತೆ ಹಿತ್ತಾಳೆ ಪಾತ್ರೆಗಳ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರು. ಹಳೆಯ ಅಲಗಿಗೆ ಹುಳಿ ಮುಟ್ಟಿಸುವುದೇ? ನನ್ನ ಪಿತ್ತ ನೆತ್ತಿಗೇರಿತು. ಅತ್ತೆ ಅನ್ನುವುದನ್ನೂ ನೋಡದೆ ರೇಗಿದೆ.

"ದೇವ್ರ ಸಾಮಾನು ಕೊಳಕಾಗಿರ್ಬೇಕಾ? ಸುಮ್ಕೆ ಬುಡು" ಎಂದರು ಅತ್ತೆ.

ಕಿತ್ತುಕೊಂಡು ನೋಡಿದರೆ ಅಲಗಿನ ಉದ್ದಕ್ಕೂ ಕೂದಲೆಳೆಯಂಥ ಗೆರೆಗಳು! ತುದಿಯವರೆಗೆ ಹೋಗಿ, ಬಳಸಿ, ಹಿಂದಕ್ಕೆ ಬಂದಿದ್ದವು. ಎರಡು ಬಗೆಯ ಕಬ್ಬಿಣವನ್ನು ಮಡಚಿ ಬಡಿದ ಗುರುತು ಅದು, ಟಿಬೆಟ್ಟಿನ ಕಮ್ಮಾರರ ಕೆಲಸ. ಖುಷಿಗೆ ಕುಣಿಯಬೇಕೆನಿಸಿತು. ಮರುಕ್ಷಣ ಹೆದರಿಕೆಯಾಯಿತು. ಮಾವನ ರಾಜನನ್ನು ಏನು ಮಾಡಲಿ?

ಮಾವನಿಗೆ ಹೇಳದೆ ಇರಲಾಗಲಿಲ್ಲ. "ನಡಿ, ಕೇಳೇಬುಡಾನ" ಎಂದು ಮಾವ ಬಿಳಿ ಪಂಚೆ ಉಟ್ಟು, ಟಿಬೆಟನ್ನರ ಶಿಬಿರದ ಪಕ್ಕದ ಕೊಪ್ಪಕ್ಕೆ ಹೊರಟೇಬಿಟ್ಟರು. ಅಲ್ಲಿ ಹಳೆಯ ಸಾಮಾನಿನ ಅಂಗಡಿಯ ಟಿಬೆಟನ್ ಅಜ್ಜ ಕತ್ತಿಯನ್ನು ಹಣೆಗೊತ್ತಿಕೊಂಡರು.

"ಇದು ನಮ್ಮ ಕಡೇದು ಕಣ್ರೀ. ನಾವು ಇಲ್ಲಿಗೆ ಬಂದ ಹೊಸದ್ರಲ್ಲಿ ಊಟಕ್ಕಿರ್ಲಿಲ್ಲ. ಇಂಥವನ್ನ ಕೊಟ್ಟು ರಾಗಿ ಇಸ್ಕೊಂಡೋರು ಎಷ್ಟೋ ಜನ."

ಮಾವ ತಲೆ ತಗ್ಗಿಸಿದರು. ನನ್ನ ನಾಲಿಗೆಗೆ ಬೆಂಕಿ ಬೀಳ ಎಂದು ನನ್ನನ್ನೇ ಬೈದುಕೊಂಡೆ. ಅಷ್ಟರಲ್ಲಿ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು.

"ಈಗ ಗ್ಯಾಪ್ನ ಬತ್ತು ಕಣವ್ವ. ನಮ್ಮವ್ವ ಒಂದು ಮೂಟೆ ರಾಗಿ ಎತ್ತಿ ಕೊಟ್ಟಿದ್ಲು. ಕತ್ತಿ ಬ್ಯಾಡ ಅಂದ್ರೂ ಅವ್ರು ಬುಡ್ನಿಲ್ಲ. ರಾಜನ ಕತೆ ಇಸ್ಕೂಲಲ್ಲಿ ಜಂಬಕ್ಕೆ ನಾನೇ ಕಟ್ಟಿದ್ದು. ಯೋಳ್ತಾ ಯೋಳ್ತಾ ನಾನೇ ನಂಬ್ಬುಟ್ಟೆ!"

ಅಂಗಡಿಯ ಅಜ್ಜನೂ ನಕ್ಕರು. ನನಗಂತೂ ಹೋದ ಜೀವ ಬಂತು.

ಪೂಜೆಯ ದಿನ ಮನೆ ತುಂಬ ನೆಂಟರು. ಕಟ್ಟೆಮಳಲವಾಡಿಯಿಂದ ಬಂದ ಬೀಗರು ರಾಜನ ಕತೆ ಹೇಳಿ ಎಂದರು. ಮಾವ ಎದೆಯುಬ್ಬಿಸಿ ನಿಂತರು.

"ರಾಜನೂ ಇಲ್ಲ, ಗೀಜನೂ ಇಲ್ಲ. ಒಟ್ಟೆ ಅಸಿದೋರು ನಮ್ಮವ್ವಂಗೆ ಮೆಚ್ಚಿ ಕೊಟ್ಟ ಕತ್ತಿ ಇದು. ಕೈ ಮುಗೀರಿ."