ಕೆಂಪು ಹಸಿರಾದ ಸಂಜೆ

ಉಮಾಕಾಂತನಿಗೆ ಬ್ಯಾಂಕಿನವರು ಮೂರು ಸಲ ವರ್ಗ ಕೊಟ್ಟರು. ಮೂರು ಸಲವೂ ಅವನ ಹೆಂಡತಿ ಜಲಜಾ ತನ್ನ ಕೆಲಸ ಬಿಟ್ಟು ಹಿಂದೆ ಬಂದಳು. ತುಮಕೂರಿನ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದವಳು ಈಗ ಅಹಮದಾಬಾದಿನ ಹೊರವಲಯದ ಬೋಪಾಲ್‌ನಲ್ಲಿ ಬರೀ ‘ಉಮಾಕಾಂತ್‌ಭಾಯ್ ಮಿಸೆಸ್’. ಎದುರು ಫ್ಲಾಟಿನ ನಳಿನಿ ನಾನು. ನನಗೇ ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಈ ನವರಾತ್ರಿಗೆ ನಮ್ಮ ಸೊಸೈಟಿಯ ಗರ್ಬಾ ಮಂಟಪಕ್ಕೆ ದೀಪಾಲಂಕಾರ ಮಾಡಿದ್ದು ಅವಳು. ತಿಂಗಳಿಡೀ ಅವರ ಊಟದ ಮೇಜಿನ ಮೇಲೆ ದೀಪಗಳನ್ನು ಆಡಿಸುವ ಆರ್ಡುಯಿನೊ ಬೋರ್ಡು, ಪುಟ್ಟದೊಂದು ಮೈಕು, ಸುರುಳಿ ಸುರುಳಿ ಎಲ್‌ಇಡಿ ಪಟ್ಟಿ. ಬೆಸುಗೆ ಹಾಕಿ ಹಾಕಿ ಬೆರಳು ಸುಟ್ಟುಕೊಂಡಳು. ಗರ್ಬಾದಲ್ಲಿ ಮೂರು ಚಪ್ಪಾಳೆ, ಆಮೇಲೊಂದು ತಿರುವು. ಅವಳ ಕೆಂಪು ಬೆಳಕೂ ಚಪ್ಪಾಳೆ ಕೇಳಿ ಮೂರು ಸಲ ಮಿನುಗಿ, ದೇವಿಯ ಸುತ್ತ ಒಂದು ಸುತ್ತು ಓಡುತ್ತಿತ್ತು.

ಮೊದಲ ದಿನ ಕಾರ್ಯದರ್ಶಿ ಮಯೂರ್‌ಭಾಯ್ ವೇದಿಕೆಗೆ ಕರೆದದ್ದು ಯಾರನ್ನು? ಉಮಾಕಾಂತನನ್ನು! ದೀಪ ಮಾಡಿದ್ದು ಯಾರೆಂದು ಒಂದು ಮಾತು ಕೇಳಲಿಲ್ಲ. ಈ ಮಹಾಶಯನೂ ಶಾಲು ಹೊದೆಸಿಕೊಂಡು, ಹಲ್ಲು ಕಿರಿಯುತ್ತ ಇಳಿದು ಬಂದ.

“ಅಷ್ಟು ಜನರ ಮುಂದೆ ಹೇಗೆ ಅಲ್ಲ ಅನ್ನೋದು?” ಎಂದನಂತೆ ಮನೆಯಲ್ಲಿ. ಜಲಜಾ ಆ ಶಾಲನ್ನು ಮುಟ್ಟಲೇ ಇಲ್ಲ.

ಅಷ್ಟಮಿಯ ಮಧ್ಯಾಹ್ನ ಯಾರೋ ಕುರ್ಚಿ ಎಳೆದಾಡಿ ಪಟ್ಟಿ ಹರಿಯಿತು. ಮಯೂರ್‌ಭಾಯ್ ಹೊಸದೊಂದು ತಂದು ಸಿಕ್ಕಿಸಿದರು. ಸಂಜೆ ಆರತಿಯ ಹೊತ್ತಿಗೆ ನೋಡಿದರೆ ದೇವಿಯ ಸುತ್ತ ಕುಂಕುಮದ ಕೆಂಪಿಲ್ಲ, ಪಾಚಿಯಂಥ ಹಸಿರು! ಎಲ್ಲರೂ ಉಮಾಕಾಂತನ ಮುಖ ನೋಡಿದರು. ಅವನು ಲ್ಯಾಪ್‌ಟಾಪಿನ ಮುಂದೆ ಬೆವರುತ್ತ ನಿಂತ.

ಒಂದೊಂದು ಪಟ್ಟಿಯಲ್ಲಿ ಬಣ್ಣಗಳ ಕ್ರಮ ಒಂದೊಂದು ಥರ. ಕೋಡಿನಲ್ಲಿ ಕೆಂಪು-ಹಸಿರಿನ ಎರಡಕ್ಷರ ಅದಲುಬದಲು ಮಾಡಿದರೆ ಸಾಕು. ಅದು ಗೊತ್ತಿದ್ದವಳು ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು.

ಅವನು ಬಂದು ಪಿಸುಗುಟ್ಟಿದ. “ಬಾರೇ ಜಲಜಾ, ಬೇಗ ಸರಿಮಾಡು. ನೀನೇ ಮಾಡಿದ್ದು ಅಂತ ನಂಗೊತ್ತಿಲ್ವಾ?”

“ಅದನ್ನ ನನ್ನ ಕಿವೀಲಿ, ಕನ್ನಡದಲ್ಲಿ ಯಾಕೆ ಹೇಳ್ತೀರ? ಇವರಿಗೆಲ್ಲ ಅರ್ಥವಾಗೋ ಹಾಗೆ ಹೇಳಿ. ಮೈಕಲ್ಲಿ.”

ಹೋದ. ಹಿಂದಿಯಲ್ಲಿ ತಡವರಿಸುತ್ತ ಹೇಳಿದ. ಜಲಜಾ ಎದ್ದು ಹೋಗಿ ಒಂದೇ ನಿಮಿಷದಲ್ಲಿ ಕೆಂಪು ತಂದಳು. ಜನರದು ಚಪ್ಪಾಳೆಯೋ ಚಪ್ಪಾಳೆ. ಆಗ ಮಯೂರ್‌ಭಾಯ್ ಮೈಕು ತೆಗೆದುಕೊಂಡು, “ವಾಹ್ ಉಮಾಕಾಂತ್‌ಭಾಯ್! ಹೆಂಡತಿಗೆ ಎಷ್ಟು ಚೆನ್ನಾಗಿ ಕಲಿಸಿದ್ದೀರಿ!” ಎಂದುಬಿಟ್ಟರು.

ಸುಳ್ಳೇಕೆ ಹೇಳಲಿ, ನನ್ನ ಕೈ ಚಪ್ಪಲಿಯ ಕಡೆ ಹೋಗಿತ್ತು. ಅಷ್ಟರಲ್ಲಿ ಉಮಾಕಾಂತನೇ ಮೈಕು ಕಿತ್ತುಕೊಂಡ. “ನಹೀ ಮಯೂರ್‌ಭಾಯ್! ನನಗೆ ಮನೆಯ ಬಲ್ಬು ಬದಲಿಸೋಕೂ ಬರಲ್ಲ. ಅವಳು ಮೇಷ್ಟ್ರು. ನನಗೋಸ್ಕರ ಕೆಲಸ ಬಿಟ್ಟು ಬಂದವಳು.”

ಜಲಜಾ ಬೋರ್ಡಿನಿಂದ ತಲೆಯೆತ್ತಲಿಲ್ಲ.

“ಇಷ್ಟು ಹೇಳೋಕೆ ಎಂಟು ದಿನ ಬೇಕಾಯ್ತು,” ಎಂದಳು. ಅದನ್ನು ಅವಳು ಹಿಂದಿಯಲ್ಲೇ ಹೇಳಿದಳು.