ಭೂಮಿಯನ್ನು ಬಿಟ್ಟು ಮಾಡಿದ ಲೆಕ್ಕ

ಆಂಧ್ರದ ಗಡಿಯೂರು ಹಿಂದೂಪುರದ ಕಾಲೇಜೊಂದರಲ್ಲಿ ನಾನು ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಹೆಂಡತಿ ಇದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಕಳೆದ ವರ್ಷ ಕಲ್ಯಾಣದುರ್ಗದ ಕಾಲೇಜಿನವರು ಉಪಗ್ರಹಗಳ ಕಕ್ಷೆಯ ಬಗ್ಗೆ ಮಾತಾಡಲು ನನ್ನನ್ನು ಕರೆದರು.

"ಲೆಕ್ಕ ಒಂದ್ಸಲ ಇತ್ತ ಕೊಡ್ರಿ, ಬಸ್ಸಲ್ಲಿ ನೋಡ್ತೀನಿ," ಎಂದಳು ಅವಳು.

"ಇಪ್ಪತ್ತು ವರ್ಷದಿಂದ ಮಾಡ್ತಿರೋ ಲೆಕ್ಕ ಕಣಮ್ಮ. ನೋಡಾಕೇನೈತೆ?"

ಅವಳು ಮತ್ತೆ ಕೇಳಲಿಲ್ಲ. ತಂಗಿಯ ಮನೆ ಕಲ್ಯಾಣದುರ್ಗದಲ್ಲೇ ಇದ್ದುದರಿಂದ ಜೊತೆಗೆ ಬಂದಳು. ಉಪನ್ಯಾಸಕ್ಕೂ ಬಂದು ಹಿಂದಿನ ಬೆಂಚಿನಲ್ಲಿ ಕೂತಳು.

ತೆಲುಗಿನಲ್ಲಿ ಭರ್ಜರಿಯಾಗಿ ಶುರುಮಾಡಿದೆ. ನೆಲದಿಂದ ನಾನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಯ ವೇಗ ಎಷ್ಟು? ಸೂತ್ರ ಬರೆದು, ಕ್ಯಾಲ್ಕುಲೇಟರ್ ಒತ್ತಿ, ಸೆಕೆಂಡಿಗೆ ಮೂವತ್ತೊಂದೂವರೆ ಕಿಲೋಮೀಟರ್ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಮುಂದಿನ ಸಾಲಿನಲ್ಲಿದ್ದ, ಹತ್ತಿರದ ಕುಂದುರ್ಪಿ ಊರಿನ ಹುಡುಗಿಯೊಬ್ಬಳು ಎದ್ದು ನಿಂತಳು. ನಾನು ಹೆಂಡತಿಯೊಡನೆ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳೋ ಏನೋ, ಕನ್ನಡದಲ್ಲೇ ಕೇಳಿದಳು.

"ಸಾರ್, ಹನ್ನೊಂದು ಚಿಲ್ರೆ ಕಿಲೋಮೀಟರ್ ಸ್ಪೀಡಿದ್ರೇನೆ ಭೂಮಿ ಬಿಟ್ಟು ಹೊಂಟೋಯ್ತದೆ ಅಂತ ಬುಕ್ಕಲ್ಲೈತೆ. ಇದು ಮೂವತ್ತೊಂದು ಇಟ್ಕೊಂಡು ಇಲ್ಲೇ ಯಾಕೆ ಸುತ್ತತೈತೆ?"

ಕ್ಯಾಲ್ಕುಲೇಟರಿನ ಬ್ಯಾಟರಿ ಸರಿಯಿಲ್ಲ ಎಂದೆ. ಮತ್ತೆ ಒತ್ತಿದೆ, ಮೂರನೇ ಸಲವೂ ಒತ್ತಿದೆ. ಕೆಟ್ಟ ಬ್ಯಾಟರಿ ಅದೇ ಉತ್ತರಕ್ಕೆ ಗಟ್ಟಿಯಾಗಿ ನಿಂತಿತ್ತು. ಹಿಂದಿನ ಬೆಂಚಿನಿಂದ ಕೆಮ್ಮು ಕೇಳಿಸಿತು. ಹೆಂಡತಿಗೆ ಅಂದು ಕೆಮ್ಮೇನೂ ಇರಲಿಲ್ಲ.

"ದೂರನ ಭೂಮಿ ನಡುಮಧ್ಯದಿಂದ ಅಳೀಬೇಕಲ್ವಾ ಸಾರ್? ನೀವು ನೆಲದಿಂದ ಅಳೆದ್ಬುಟ್ರಿ," ಎಂದಳು ಹುಡುಗಿ.

ಭೂಮಿಯ ತ್ರಿಜ್ಯ, ಹೆಚ್ಚುಕಡಿಮೆ ಆರು ಸಾವಿರದ ನಾನೂರು ಕಿಲೋಮೀಟರ್, ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. "ಭೂಮಿ ಎಕ್ಕಡ ಪೋಯಿಂದಿ ಸಾರ್?" ಭೂಮಿ ಎಲ್ಲಿಗೆ ಹೋಯಿತೆಂದು ಯಾರೋ ತೆಲುಗಿನಲ್ಲಿ ವಿಚಾರಿಸಿದರು. ಚಾಕ್‌ಪೀಸನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳಿಗೆ ಬಂದದ್ದು ಏಳೂಮುಕ್ಕಾಲಿಗೆ ತುಸು ಕಡಿಮೆ. ಸರಿಯಾದ ಉತ್ತರ.

ಮೇಲಿನ ಕಕ್ಷೆಗೆ ಹೋಗುವ ಲೆಕ್ಕವನ್ನೂ ಅವಳಿಂದಲೇ ಮಾಡಿಸಿದೆ. ಕೆಳಗಿನ ಕಕ್ಷೆಯಲ್ಲಿ ಒಮ್ಮೆ ಎಂಜಿನ್ ಉರಿಸಿದರೆ ದಾರಿ ಮೊಟ್ಟೆಯಂತೆ ಉದ್ದವಾಗುತ್ತದೆ. ಅದರ ದೂರದ ತುದಿಯಲ್ಲಿ, ಸುಮಾರು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಇನ್ನೊಮ್ಮೆ ಉರಿಸಿದರೆ ನೌಕೆ ಅಲ್ಲೇ ದುಂಡಗೆ ಸುತ್ತುತ್ತದೆ. ಲೆಕ್ಕ ಮುಗಿದ ಮೇಲೆ ಅವಳಿಗೆ ಅನುಮಾನ ಬಂತು.

"ಎರಡ್ಸಲ ಸ್ಪೀಡ್ ಏರಿಸಿದ್ವಿ. ಕೊನೀಗೆ ಮೂರಕ್ಕೆ ಇಳಿದೈತಲ್ಲ ಸಾರ್?"

ಇದು ನನಗೆ ಗೊತ್ತಿತ್ತು. ಮೇಲಕ್ಕೆ ಎಸೆದ ಕಲ್ಲು ಏರುತ್ತ ಏರುತ್ತ ನಿಧಾನವಾಗುವಂತೆ ನೌಕೆಯೂ ಹತ್ತುವಾಗ ವೇಗ ಕಳೆದುಕೊಳ್ಳುತ್ತದೆ, ನಾವು ಏರಿಸಿದ್ದಕ್ಕಿಂತ ಹೆಚ್ಚೇ ಕಳೆದುಕೊಳ್ಳುತ್ತದೆ. ಗೊತ್ತಿರುವ ಪ್ರಶ್ನೆ ಸಿಕ್ಕ ಖುಷಿಗೆ ಅಗತ್ಯಕ್ಕಿಂತ ಬಹಳ ಹೊತ್ತು ವಿವರಿಸಿದೆ.

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತ, "ಭೂಮಿ ಏನು ಸಣ್ಣ ವಸ್ತುವೇನ್ರಿ, ಮರ್ತೋಗಾಕೆ?" ಎಂದಳು. ಆಮೇಲೆ, "ಆ ಹುಡುಗೀನ ನಿಮ್ಮ ಕಾಲೇಜಿಗೆ ಕರಸ್ರಿ," ಎಂದಳು.

ಕರೆಸಿದೆ. ಮುಂದಿನ ತಿಂಗಳು ಅವಳು ತನ್ನ ಮೇಡಮ್ ಜೊತೆ ಹಿಂದೂಪುರಕ್ಕೆ ಬಂದು ಒಂದು ಗಂಟೆ ಪಾಠ ಮಾಡಿದಳು. ಬೋರ್ಡ್ ಒರೆಸುವ ಕೆಲಸ ನನ್ನದಾಗಿತ್ತು. ಅವಳು ಹೊರಟ ಮೇಲೆ ನನ್ನ ವಿದ್ಯಾರ್ಥಿಗಳು ಬಹಳ ಮರ್ಯಾದೆಯಿಂದ ಕೇಳಿದರು: "ಆ ಅಕ್ಕ ಮತ್ತೆ ಯಾವಾಗ ಬತ್ತಾರೆ ಸಾರ್?"